ಬಿರುಕು ತೋರಿಸುವ ಬಣ್ಣ

ಎಂಟು ಬಿಲ್ಲಿಗೆ ಬಣ್ಣ ಹಾಕಿದ ಕೂಲಿ ವಜೀರಬಿಗೆ ಇನ್ನೂ ಬಂದಿಲ್ಲ. ಹುಮನಾಬಾದಿನ ಆಟದ ಸಾಮಾನಿನ ಅಂಗಡಿಯವನು ಬಿಲ್ಲು ಇಟ್ಟುಕೊಂಡ, ಕಟ್ಟಿಗೆ ಕೆತ್ತಿದ ದುಡ್ಡನ್ನು ಆಕೆಯ ಗಂಡ ಅಬ್ದುಲ್ ಕರೀಮನ ಕೈಗಿಟ್ಟ. ಬಣ್ಣದ್ದು ಕೇಳಿದರೆ ನಕ್ಕ.

"ಇದಕ್ಕ ಬಣ್ಣ ಅಂತಾರೇನು? ಕಟ್ಟಿಗಿ ಗೆರಿಯೆಲ್ಲ ಕಾಣಾಕತ್ತಾವ. ಮುಂದಿನ ಸಲ ಆಯಿಲ್ ಪೇಂಟ್ ಬಡದು ತಗೊಂಡು ಬಾ, ಆಮ್ಯಾಲ ಮಾತಾಡೂಣು."

ವಜೀರಬಿ ಪೇಂಟ್ ಬಡಿಯಲಿಲ್ಲ. ಗಿರಾಕಿ ಕೈತಪ್ಪಿತು. ಬಸವಕಲ್ಯಾಣದ ಅವರ ಮನೆಯಲ್ಲಿ ನಾಲ್ಕು ತಿಂಗಳು ಬಿಲ್ಲಿನ ಕೆಲಸವೇ ನಿಂತುಹೋಯಿತು. ಅಬ್ದುಲ್ ಕರೀಂ ಕೊಡಲಿ, ಗುದ್ದಲಿಗೆ ಕಾವು ಕೂಡಿಸುತ್ತ, ಹೆಂಡತಿಯ ಹಟಕ್ಕೆ ಗೊಣಗುತ್ತ ದಿನ ತಳ್ಳಿದ.

ಅಂಥದರಲ್ಲಿ ಪೂನಂ ಬಂದಳು. ಹುಮನಾಬಾದಿನ ಶಾಲೆಯೊಂದರಲ್ಲಿ ಹುಡುಗಿಯರಿಗೆ ಬಿಲ್ಲು ಹಿಡಿಯುವುದನ್ನು ಕಲಿಸುವ ಟೀಚರ್. ಚೀಲದಿಂದ ಮುರಿದ ಬಿಲ್ಲಿನ ಎರಡು ತುಂಡು ತೆಗೆದು ಅಂಗಳದಲ್ಲಿಟ್ಟಳು. ಮೇಲೆ ಫಳಫಳ ಕೆಂಪು ಪೇಂಟು, ಒಳಗೆ ಹಳೆಯ ಬಿರುಕು.

"ಅಂಗಡ್ಯಾಗ ತಗೊಂಡಿದ್ದು, ಎಳದ ಕೂಡ್ಲೆ ಮುರೀತು ಖಾಲಾ. ಹುಡುಗಿ ಹುಬ್ಬಿಗಿ ಮೂರು ಹೊಲಿಗಿ ಬಿದ್ದಾವ. ಮುಂದಿನ ತಿಂಗಳು ಕಲಬುರಗಿಯೊಳಗ ಪಂದ್ಯ ಅದ. ನನಗ ಒಂಬತ್ತು ಬಿಲ್ಲು ಬೇಕ್ರಿ. ಕೆಂಪಗಿರಲಿ, ಆದ್ರ ಮುರೀಬಾರ್ದು."

ಅಬ್ದುಲ್ ಕರೀಂ ಚೆನ್ನಾಗಿ ಬಾಗುವ ತಡಸಲು ಮರದ ಕಟ್ಟಿಗೆ ಕೆತ್ತಲು ಕೂತ. ವಜೀರಬಿ ಜಾಲಿಯ ತೊಗಟೆ ಜಜ್ಜಿ ಎರಡು ದಿನ ನೆನೆಹಾಕಿ, ಮಣ್ಣಿನ ಗಡಿಗೆಯಲ್ಲೇ ಕುದಿಸಿದಳು. ಕಬ್ಬಿಣದ ಕಡಾಯಿಗೆ ಹಾಕಿದರೆ ಕೆಂಪು ಹೋಗಿ ಕರ್ರಗಾಗುತ್ತದೆ. ನೀರು ಅರ್ಧಕ್ಕಿಳಿದ ಮೇಲೆ ಬಿಸಿ ಇರುವಾಗಲೇ ಬಟ್ಟೆ ಅದ್ದಿ ನಾಲ್ಕು ಸಲ ಬಿಲ್ಲಿಗೆ ಉಜ್ಜಿದಳು. ಹಿಡಿಕೆಗೆ ಮುತ್ತುಗದ ಹೂವಿನ ಹಳದಿ. ಕೊನೆಗೆ ಅಗಸೆ ಎಣ್ಣೆ.

ಈ ಬಣ್ಣ ಕಟ್ಟಿಗೆಯ ಮೇಲೆ ಕೂರುವುದಿಲ್ಲ, ಒಳಗಿಳಿಯುತ್ತದೆ. ಬಿರುಕಿದ್ದಲ್ಲಿ ಕಟ್ಟಿಗೆ ಅದನ್ನು ಹೆಚ್ಚು ಕುಡಿಯುತ್ತದೆ. ಒಂಬತ್ತನೆಯ ಬಿಲ್ಲು ಒಣಗಿದಾಗ ನಟ್ಟನಡುವೆ ಕೂದಲೆಳೆಯಂಥ ಕಪ್ಪು ಗೆರೆ ಎದ್ದಿತು.

"ಇದು ಬ್ಯಾಡ," ಅಂದಳು ವಜೀರಬಿ.

"ಮೂರು ದಿನದ ಕೆಲಸ! ಪೇಂಟ್ ಹಚ್ಚಿದ್ರ ಮುಚ್ಚಿಹೋಗ್ತಿತ್ತು," ಅಬ್ದುಲ್ ಕರೀಂ ರೇಗಿದ.

"ಹೌದ್ರಿ, ಮುಚ್ಚಿಹೋಗ್ತಿತ್ತು. ಹುಡುಗಿ ಕಣ್ಣೂ ಮುಚ್ಚಿಹೋಗ್ತಿತ್ತು."

"ಜಾಲಿ ಕುದಿಸಿ ಕುದಿಸಿ ನಿನ್ನ ನಾಲಿಗಿಗೂ ಮುಳ್ಳು ಬಂದಾವ."

ಪೂನಂ ಬಂದಳು, ಎಣಿಸಿದಳು, ಮುಖ ಸಣ್ಣ ಮಾಡಿದಳು. "ಒಂದು ಗೆರಿಗೆ ಹಿಂಗ್ಯಾಕ ಖಾಲಾ? ಒಂಬತ್ತು ಮಂದಿ ಅದಾರ. ಕೊಡ್ರಿ, ಜ್ವಾಕಿ ಮಾಡ್ತೀವಿ."

"ನೋಡು, ಮೇಡಮ್ಮೂ ಅದನ್ನೇ ಅನ್ನಾಕತ್ತಾರ," ಅಬ್ದುಲ್ ಕರೀಮನಿಗೆ ಜೀವ ಬಂತು. ಹೆಂಡತಿಯ ಮಾತು ಸುಳ್ಳು ಮಾಡಲೆಂದೇ ಬಿಲ್ಲನ್ನು ಕಂಬಕ್ಕೆ ಬಿಗಿದ, ಹೆದೆಗೆ ಉದ್ದ ಹಗ್ಗ ಕಟ್ಟಿ ದೂರ ನಿಂತು ಎಳೆದ. ಒಂದು ಸಲ ತಡೆಯಿತು. ಎರಡನೆಯ ಸಲಕ್ಕೆ ಫಟ್ಟೆಂದು ಅದೇ ಗೆರೆಯಲ್ಲಿ ಸೀಳಿತು. ಚೂರೊಂದು ಹಾರಿ ಗೋಡೆಗೆ ಬಡಿಯಿತು.

ತುಂಡುಗಳನ್ನು ಒಲೆಗೆ ಹಾಕಲು ಹೊರಟ ಅಬ್ದುಲ್ ಕರೀಮನನ್ನು ಪೂನಂ ತಡೆದಳು. "ಇಲ್ಲಿ ಕೊಡ್ರಿ. ಹುಡುಗ್ಯಾರಿಗಿ ತೋರಿಸ್ತೀನಿ."

ಎಂಟು ಬಿಲ್ಲುಗಳಲ್ಲಿ ಒಂಬತ್ತು ಹುಡುಗಿಯರು ಕಲಬುರಗಿಯಲ್ಲಿ ಆಡಿದರು. ಇಬ್ಬರು ಒಂದನ್ನು ಹಂಚಿಕೊಂಡರು. ಪದಕ ಬರಲಿಲ್ಲ. ಬಿಲ್ಲೂ ಮುರಿಯಲಿಲ್ಲ. ಅದನ್ನು ನೋಡಿದ ಚಿಟಗುಪ್ಪದ ಶಾಲೆಯವರು ಹನ್ನೆರಡು ಬೇಕೆಂದು ಹೇಳಿಕಳಿಸಿದ್ದಾರೆ. ಈಗ ಅಬ್ದುಲ್ ಕರೀಂ ಕೆತ್ತಿದ್ದನ್ನು ತಾನಾಗಿಯೇ ಹೆಂಡತಿಯ ಮುಂದಿಡುತ್ತಾನೆ. "ಹಚ್ಚಿ ನೋಡು," ಅನ್ನುತ್ತಾನೆ, ಮುಖ ಆ ಕಡೆ ತಿರುಗಿಸಿ.

ನೀವೂ ಮಗಳ ಕೈಗೆ ಬಿಲ್ಲು ಕೊಡುವವರಿರಬಹುದು. ಅಂಗಡಿಯಲ್ಲಿ ಫಳಫಳ ಹೊಳೆಯುವುದನ್ನು ಮುಂದಿಟ್ಟರೆ ಉಗುರಿನಿಂದ ಕೆರೆಯಿರಿ. ಒಳಗಿನ ಕಟ್ಟಿಗೆ ತೋರಿಸು ಎಂದು ಕೇಳಿ. ತೋರಿಸದಿದ್ದರೆ ಅಲ್ಲೇ ಬಿಟ್ಟು ಹೊರಗೆ ಬನ್ನಿ.