ತಪ್ಪು ಕಣ್ಣಿನದಲ್ಲ, ಆ ಗೀಟಿನದು

ನನಗೆ ಕಣ್ಣು ಕಾಣುವುದಿಲ್ಲ ಎಂದು ನಮ್ಮ ವಿಭಾಗದ ಮುಖ್ಯಸ್ಥರು ತೀರ್ಮಾನಿಸಿಬಿಟ್ಟಿದ್ದರು. ಮಧುಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡು ಪಾಠ ಮಾಡುವವಳು ನಾನು. ದಿನಾ ಕೊರಟಗೆರೆ ಸ್ಟ್ಯಾಂಡಿನಲ್ಲಿ ನಿಂತು, ಬರುತ್ತಿರುವುದು ಪಾವಗಡದ ಬಸ್ಸೋ ಗೌರಿಬಿದನೂರಿನದೋ ಎಂದು ದೂರದಿಂದಲೇ ಹೇಳುವ ಕಣ್ಣು ನನ್ನದು. ಆಗಿದ್ದಿಷ್ಟು: ಲ್ಯಾಬ್ ಪುಸ್ತಕದ ಒಂದು ಗೀಟನ್ನು ಬೋರ್ಡಿನ ಮೇಲೆ ತಪ್ಪಾಗಿ ಬರೆದೆ, ಅಷ್ಟೂ ಮಕ್ಕಳ ಪ್ರೋಗ್ರಾಂ ಕೆಟ್ಟಿತು.

ಬ್ಯಾಕ್‌ಟಿಕ್ ಅಂತಾರೆ ಆ ಓರೆಯಾದ ಪುಟ್ಟ ಗೀಟಿಗೆ. ಕೀಬೋರ್ಡಿನ ಎಡಮೂಲೆಯಲ್ಲಿ ಅಡಗಿ ಕೂತಿರುತ್ತದೆ. ಡೇಟ್ ಎಂಬ ಆಜ್ಞೆಯ ಎರಡೂ ಬದಿಗೆ ಅದನ್ನು ಹಾಕಿದರೆ ಆ ಜಾಗದಲ್ಲಿ ಇವತ್ತಿನ ತಾರೀಕು ಬರುತ್ತದೆ. ಬದಲಿಗೆ ಮಾಮೂಲಿ ಒಂಟಿ ಉದ್ಧರಣ ಚಿಹ್ನೆ ಹಾಕಿದಿರೋ, ಡೇಟ್ ಎಂಬ ಪದವೇ ಬಂದು ಹಲ್ಲು ಕಿರಿಯುತ್ತದೆ. ಜೆರಾಕ್ಸಿನ ಜೆರಾಕ್ಸ್ ಆಗಿದ್ದ ನಮ್ಮ ಪುಸ್ತಕದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು.

“ನಾಳೆಯಿಂದ ನೀವು ಆಫೀಸ್ ಕೆಲಸ ನೋಡಿ ಮೇಡಂ. ಲ್ಯಾಬಿನ ಬೀಗದ ಕೈ ಕೊಟ್ಟುಬಿಡಿ,” ಎಂದರು ಮುಖ್ಯಸ್ಥರು.

ಮೈ ಉರಿದುಹೋಯಿತು. ಕೊಡಲಿಲ್ಲ. ಮರುದಿನ ಸೀದಾ ಲ್ಯಾಬಿಗೇ ಹೋಗಿ, ಬೋರ್ಡಿನ ಮೇಲೆ ಡಾಲರ್ ಚಿಹ್ನೆ ಹಾಕಿ, ಬ್ರಾಕೆಟ್ ತೆರೆದು, ಡೇಟ್ ಬರೆದು, ಬ್ರಾಕೆಟ್ ಮುಚ್ಚಿದೆ. ಅದೇ ಕೆಲಸಕ್ಕಿರುವ ಹೊಸ ರೀತಿ ಇದು. ಹೊಸದು ಅಂದರೂ ಈ ಮಕ್ಕಳು ಹುಟ್ಟುವ ಮೊದಲಿನದು. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಾರಿಗಾದರೂ ತಿಳಿಯುತ್ತದೆ.

ಹಿಂದಿನ ಬೆಂಚಿನಿಂದ ವೈ.ಎನ್. ಹೊಸಕೋಟೆಯ ಹುಡುಗಿ, “ಇದು ಕಾಣ್ತದೆ ಮೇಡಂ. ನಿನ್ನೇದು ಗೀಟೋ ಧೂಳೋ ಅಂತ ಹೆಂಗೆ ಗೊತ್ತಾಗ್ಬೇಕು?” ಅಂದಳು.

ಅಷ್ಟರಲ್ಲಿ ಮುಖ್ಯಸ್ಥರು ಬಂದರು. ಪುಸ್ತಕದಲ್ಲಿ ಇದ್ದ ಹಾಗೇ ಕಲಿಸಬೇಕು ಎಂದರು.

“ಹಾಗಾದರೆ ಪುಸ್ತಕ ನೋಡಿಕೊಂಡು ನೀವೇ ಟೈಪ್ ಮಾಡಿ ಸಾರ್,” ಎಂದು ಕುರ್ಚಿ ಬಿಟ್ಟುಕೊಟ್ಟೆ.

ಮಾಡಿದರು. ತಾರೀಕು ಬರಲಿಲ್ಲ, ಡೇಟ್ ಎಂದೇ ಬಂತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

“ಈ ಕೀಬೋರ್ಡ್ ಸರಿಯಿಲ್ಲ,” ಎಂದರು ಮುಖ್ಯಸ್ಥರು.

“ನಾನು ತಪ್ಪಿದರೆ ಕಣ್ಣು, ನೀವು ತಪ್ಪಿದರೆ ಕೀಬೋರ್ಡಾ ಸಾರ್?”

ಮಕ್ಕಳ ಎದುರಿಗೇ ಕೇಳಿದೆ. ಹಾಗೆ ಕೇಳಬಾರದಿತ್ತು ಎಂದು ಸಹೋದ್ಯೋಗಿಗಳು ಈಗಲೂ ಹೇಳುತ್ತಾರೆ. ಹೇಳಲಿ. ಮುಖ್ಯಸ್ಥರು ಎದ್ದು ಹೋದರು, ಆಫೀಸ್ ಕೆಲಸದ ಮಾತು ಮತ್ತೆ ಎತ್ತಲಿಲ್ಲ.

ಪುಸ್ತಕ ಮಾತ್ರ ಇನ್ನೂ ಬದಲಾಗಿಲ್ಲ. ಪ್ರತಿ ವರ್ಷ ಆ ಪುಟ ತೆಗೆಸಿ, ಆ ಸಾಲು ಹೊಡೆದುಹಾಕಿಸಿ, ಪಕ್ಕದಲ್ಲಿ ಬ್ರಾಕೆಟ್ ಬರೆಸುತ್ತೇನೆ. ಬೀಗದ ಕೈ ನನ್ನ ಬ್ಯಾಗಿನಲ್ಲೇ ಇದೆ.