ಚಂಪಾ ಕೊಟ್ಟ ಲೋಟ

ಥಾಣೆಯ ಹೋಟೆಲೊಂದರ ಹಿಂಬದಿಯಲ್ಲಿ ದಿನವಿಡೀ ಈರುಳ್ಳಿ ಸುಲಿಯುವ ಹೆಂಗಸು ಸಂಜೆ ರೈಲು ಹತ್ತಿದ ಮೇಲಾದರೂ ಕೈಕಟ್ಟಿ ಕೂರಬೇಕು. ಚಂದ್ರಬಾಯಿಗೆ ಆ ಬುದ್ಧಿ ಇರಲಿಲ್ಲ. ಥಾಣೆಯಿಂದಲೇ ಹೊರಡುವ ಕಲ್ಯಾಣ ಲೋಕಲ್ಲಿನ ಲೇಡೀಸ್ ಡಬ್ಬಾದಲ್ಲಿ ಕೂತು ಕಂಡವರ ಮೆಂತ್ಯ ಸೊಪ್ಪು ಸೋಸುವುದು, ಕಂಡವರ ಬಟಾಣಿ ಸುಲಿಯುವುದು ಅವಳ ಸಂಜೆಯ ಸುಖ.

ಅರವತ್ತು ದಾಟಿದ ಜೀವ. ಆಳಂದದ ಕಡೆಯಿಂದ ಗಂಡನ ಬೆನ್ನು ಹತ್ತಿ ಬಂದವಳು. ಗಂಡ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಹೊತ್ತು ಸತ್ತ. ಮಗ ಅಂಬಾದಾಸ ಭಿವಂಡಿಯ ಗೋದಾಮಿನಲ್ಲಿ ಹಮಾಲಿ; ಮನೆಗೆ ಬಂದರೆ ಊಟ, ಮೊಬೈಲು, ನಿದ್ದೆ. ಮೊಮ್ಮಕ್ಕಳು ಆಡುವುದು ಹಿಂದಿ, ಅಜ್ಜಿ ಬಾಯಿ ತೆರೆದರೆ ಕಿಸಕ್ಕನೆ ನಗುತ್ತವೆ. ಮಾತಾಡಲು ಜನವಿಲ್ಲದೆ ಅವಳ ಮಾತೆಲ್ಲ ಹೊಟ್ಟೆಯಲ್ಲೇ ಕೊಳೆಯುತ್ತಿತ್ತು.

ಮಾನಸಿ ಸಿಕ್ಕಿದ್ದು ಆ ರೈಲಿನಲ್ಲಿ, ಒಂದು ಮಳೆಗಾಲದಲ್ಲಿ. ನೆರೂಳದಲ್ಲಿ ಹುಟ್ಟಿದ ಉಡುಪಿ ಮೂಲದ ಹುಡುಗಿ. ಡೊಂಬಿವಲಿಗೆ ಸೊಸೆಯಾಗಿ ಬಂದಿದ್ದಳು, ಥಾಣೆಯಲ್ಲಿ ಆಫೀಸು. ಆ ಸಂಜೆ ಮೆಂತ್ಯದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಅರ್ಧ ಸೋಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಫೋನು ಬಡಿದುಕೊಂಡಾಗ ಬೆಚ್ಚಿ ಎದ್ದು, "ಬಂದೆ ಅತ್ತೆ, ಮುಂಬ್ರಾ ದಾಟಿತು" ಎಂದಳು. ಎದುರಿಗೆ ಕೂತಿದ್ದ ಚಂದ್ರಬಾಯಿಗೆ ಆ ಒಂದು ಕನ್ನಡದ ಸಾಲು ಸಾಕಾಯಿತು.

"ಎಲ್ಲಿಯಾಕೀನವ್ವಾ ನೀ? ತಾ ಇಲ್ಲಿ ಪಲ್ಯ, ನಾ ಸೋಸ್ತೀನಿ. ನೀ ಮಕ್ಕೋ."

"ನಹೀ ಆಜೀ, ರೆಹನೇ ದೋ."

"ಏನ್ ರೆಹನೇ ದೋ! ಕಣ್ ನೋಡು, ಕೆಂಪ್ ಕೆಂಡ ಆಗ್ಯಾವ. ಮಕ್ಕೋ ಅಂದ್ರ ಮಕ್ಕೋ."

ಹುಡುಗಿ ಮಲಗಿದಳು. ಕೋಪರ ಬಂದಾಗ ಚಂದ್ರಬಾಯಿ ಎಬ್ಬಿಸಿದಳು, ಏಕೆಂದರೆ ಡೊಂಬಿವಲಿಯಲ್ಲಿ ಇಳಿಯುವವರು ಕೋಪರದಲ್ಲೇ ಎದ್ದು ಬಾಗಿಲು ಹಿಡಿಯಬೇಕು. ಇಲ್ಲವಾದರೆ ಹತ್ತುವವರ ನೂಕಿಗೆ ಸಿಕ್ಕಿ ಕಲ್ಯಾಣವೇ ಗತಿ.

ಅಂದಿನಿಂದ ಅದೇ ರೂಢಿಯಾಯಿತು. ಖಾಲಿ ಗಾಡಿ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಂತೆ ಚಂದ್ರಬಾಯಿ ಸೀರೆ ಎತ್ತಿ ಕಟ್ಟಿ ನುಗ್ಗುತ್ತಿದ್ದಳು. ತನ್ನ ಪಕ್ಕದ ಸೀಟಿಗೆ ಚೀಲ ಒಗೆದು, ನಿಂತವರ ಕೈಯಲ್ಲಿ ಬೈಸಿಕೊಂಡು, ಮಾನಸಿಗೆ ಜಾಗ ಹಿಡಿಯುತ್ತಿದ್ದಳು. ಮಾನಸಿ ಬಂದು ಕೂತು, ತರಕಾರಿ ಕೊಟ್ಟು, ಮುದುಕಿಯ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚುವಳು. ಮುಚ್ಚುವ ಮುಂಚೆ ಆಫೀಸಿನ ಸುದ್ದಿ, ಅತ್ತೆಯ ಸುದ್ದಿ ನಾಲ್ಕು ಮಾತು, ಅರ್ಧ ಹಿಂದಿ ಅರ್ಧ ಕನ್ನಡ. ಆ ನಾಲ್ಕು ಮಾತಿಗಾಗಿ ಚಂದ್ರಬಾಯಿ ಬೆಳಗಿನಿಂದ ಕಾಯುತ್ತಿದ್ದಳು. ಅವಳ ಪಾಲಿಗೆ ಲೋಕದಲ್ಲಿ ಇದ್ದ ಗೆಳತಿ ಅದೊಂದೇ.

ಮಾನಸಿಯ ಅತ್ತೆ ಚಂಪಾ ಬಲು ಕಟ್ಟುನಿಟ್ಟಿನವಳು. ಅಂಗಡಿಯಲ್ಲಿ ಹೆಚ್ಚಿ ಪ್ಯಾಕೆಟ್ಟು ಮಾಡಿದ ತರಕಾರಿ ಆ ಮನೆಯ ಹೊಸ್ತಿಲು ದಾಟುವಂತಿಲ್ಲ. ಯಾರ ಕೈಯೋ ಏನೋ. ಸೊಸೆ ಮಾತ್ರ ಚಿನ್ನ: ಆಫೀಸಿನಲ್ಲಿ ದುಡಿದೂ ರೈಲಿನಲ್ಲೇ ಸೊಪ್ಪು ಸೋಸಿಕೊಂಡು ಬರುತ್ತಾಳೆ, ಒಂದು ಕಡ್ಡಿ ಇರುವುದಿಲ್ಲ. ಭಜನಾ ಮಂಡಳಿಯಲ್ಲಿ ಚಂಪಾ ಇದನ್ನು ಹೇಳಿಕೊಂಡು ಮೆರೆದದ್ದೇ ಮೆರೆದದ್ದು. ಮಾನಸಿ ಆ ಕಥೆ ಹೇಳಿ ನಕ್ಕಾಗ ಚಂದ್ರಬಾಯಿಯೂ ನಕ್ಕಳು. ಹೊಗಳಿಕೆ ತನಗೇ ಬಂದಷ್ಟು ಖುಷಿ ಪೆದ್ದಿಗೆ.

ಬೆರಳು ತೋರಿಸಿದರೆ ಹಸ್ತ ನುಂಗುವ ಜನಕ್ಕೆ ಲೋಕಲ್ಲಿನಲ್ಲಿ ಬರವೇ? ಬ್ಯಾಂಕಿನ ಮಲ್ಲಿಕಾ ಬಟಾಣಿ ಕೊಟ್ಟಳು, ಇನ್ನೊಬ್ಬಳು ಹರಿವೆ ಕೊಟ್ಟಳು. ಚಂದ್ರಬಾಯಿ ಯಾರಿಗೂ ಇಲ್ಲವೆನ್ನಲಿಲ್ಲ. ಆದರೆ ಸಂಕ್ರಾಂತಿ ಕಳೆದು ಅರಿಶಿನ-ಕುಂಕುಮದ ದಿನಗಳು ಬಂದಾಗ ನೋಡಬೇಕಿತ್ತು. ಮರಾಠಿ ಹೆಂಗಸರ ಪದ್ಧತಿಯಂತೆ ಡಬ್ಬಾದಲ್ಲೇ ಒಬ್ಬರಿಗೊಬ್ಬರು ಎಳ್ಳುಬೆಲ್ಲ ಕೊಟ್ಟು, ಸ್ಟೀಲಿನ ಬಟ್ಟಲೋ ಚಮಚವೋ ವಾಣವೆಂದು ಕೈಗಿಡುತ್ತಿದ್ದರು. ತಟ್ಟೆ ಚಂದ್ರಬಾಯಿಯ ತನಕ ಬಂದು, ಬೋಳು ಹಣೆ ಕಂಡು, ಮುಂದಿನವಳಿಗೆ ಹೋಗುತ್ತಿತ್ತು. ಅವಳು ತಲೆ ಬಗ್ಗಿಸಿ ಅವರದೇ ಬಟಾಣಿ ಸುಲಿಯುತ್ತಿದ್ದಳು. ಹೊಟ್ಟೆ ಉರಿಯುತ್ತಿರಲಿಲ್ಲವೇ? ಉರಿಯುತ್ತಿತ್ತು.

ಆ ದಿನಗಳಲ್ಲೇ ಒಂದು ಸಂಜೆ ಮಾನಸಿ ಎರಡು ಚೀಲ ತುಂಬ ತರಕಾರಿ ತಂದಳು. ಮರುದಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನೆಂಟರೆಲ್ಲ ಊಟಕ್ಕೆ ಬರುವವರು. ಚಂದ್ರಬಾಯಿ ಕೈಲಾದಷ್ಟೂ ಚುರುಕಾಗಿ ಎಲ್ಲ ಮುಗಿಸಿದಳು. ಡೊಂಬಿವಲಿಯ ನೂಕಾಟದಲ್ಲಿ ಹುಡುಗಿ ಒಂದು ಚೀಲ ಹಿಡಿದು ಇಳಿದಳು, ಇನ್ನೊಂದು ಸೀಟಿನ ಕೆಳಗೇ ಉಳಿಯಿತು. ಅದು ಕಣ್ಣಿಗೆ ಬಿದ್ದದ್ದು ಕಲ್ಯಾಣದಲ್ಲಿ.

ರೈಲಿನ ಗೆಳೆತನ, ಫೋನ್ ನಂಬರ್ ಇಬ್ಬರೂ ಕೇಳಿರಲಿಲ್ಲ. ಆದರೆ ಬಿಲ್ಡಿಂಗಿನ ಹೆಸರು, ಮಹಡಿ, ಎದುರಿನ ಗಣಪತಿ ಗುಡಿ ಎಲ್ಲ ಮಾನಸಿಯ ಮಾತಿನಲ್ಲೇ ಬಂದು ಮುದುಕಿಯ ತಲೆಯಲ್ಲಿ ಕೂತಿತ್ತು. ಬೇರೆ ಯಾರಾದರೂ ಚೀಲವನ್ನು ಮನೆಗೊಯ್ದು ಪಲ್ಯ ಮಾಡಿ ತಿನ್ನುತ್ತಿದ್ದರು. ಇವಳು ಮಂಡಿನೋವು ಹಿಡಿದುಕೊಂಡೇ ಸೇತುವೆ ಹತ್ತಿ ಇಳಿದು, ವಾಪಸ್ ಗಾಡಿ ಹಿಡಿದು, ಡೊಂಬಿವಲಿಯಲ್ಲಿ ಕೇಳಿಕೊಂಡು ಕೇಳಿಕೊಂಡು ಹೋಗಿ ಬೆಲ್ ಒತ್ತಿದಳು.

ಬಾಗಿಲು ತೆರೆದವಳು ಚಂಪಾ.

"ನಮಸ್ಕಾರ್ರಿ ಅಕ್ಕಾರ. ನಿಮ್ ಸೊಸಿ ಗಾಡ್ಯಾಗ ಚೀಲ ಬಿಟ್ಟು ಇಳದಾಳ್ರಿ. ನಾಳಿ ಪೂಜಾ ಅದ ಅಂದಿದ್ಲು, ಅದಕ್ಕ ತಂದೀನಿ."

"ಅಯ್ಯೋ ದೇವರೇ! ಇದಕ್ಕೋಸ್ಕರ ಕಲ್ಯಾಣದಿಂದ ವಾಪಸ್ ಬಂದ್ರಾ ಮಾರಾಯ್ರೇ? ಈ ಕಾಲದಲ್ಲಿ ಯಾರು ಮಾಡ್ತಾರೆ! ಒಳಗೆ ಬನ್ನಿ, ಕೂತ್ಕೊಳ್ಳಿ. ಮಾನಸಿ ಹೂ ತರ್ಲಿಕ್ಕೆ ಹೋಗಿದ್ದಾಳೆ."

ಚಂಪಾ ಕುರ್ಚಿ ಕೊಟ್ಟಳು, ಸ್ಟೀಲ್ ಲೋಟದಲ್ಲಿ ನೀರು ಕೊಟ್ಟಳು. ಚಂದ್ರಬಾಯಿ ಬಾಯಿ ಹಚ್ಚಿ ಗಟಗಟ ಕುಡಿದಳು. ಎಷ್ಟು ಒಳ್ಳೆಯ ಮನೆ ಸಿಕ್ಕಿದೆ ತನ್ನ ಹುಡುಗಿಗೆ ಎಂದು ಕಣ್ಣು ತುಂಬಿತು. ತುಂಬಿದ ಕಣ್ಣು ಒರೆಸಿಕೊಂಡು ಸುಮ್ಮನೆ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಎಲ್ಲಾ ಛಲೋ ಸೋಸೀನ್ರಿ. ದಿನಾನೂ ನಾನೇ ಸೋಸ್ತೀನಲ್ರಿ, ಆಕಿಗಿ ನನ್ನ ಕೈ ಗೊತ್ತದ. ಪಾಪ ಹುಡುಗಿ ಭಾಳ ದಣಿತದ, ಗಾಡ್ಯಾಗ ಒಂದೀಟು ಮಲಗ್ತದ."

"ದಿನಾ?"

"ದಿನಾ ರೀ. ನಿಮ್ಮನಿ ಪಲ್ಯ ಎಲ್ಲಾ ನನ್ನ ಕೈಯಿಂದೇ ಬರ್ತದ."

ಚಂಪಾ ಚೀಲದ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಲ್ಲ, ನೀವು ಯಾವ ಪೈಕಿ?"

ಕೇಳಿದ್ದಕ್ಕೆ ಚಂದ್ರಬಾಯಿ ತನ್ನ ಜಾತಿ ಯಾವುದೋ ಅದನ್ನೇ ಹೇಳಿದಳು. ಸುಳ್ಳು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹೇಳಿ, ಖಾಲಿ ಲೋಟವನ್ನು ಟೀಪಾಯಿಯ ಮೇಲಿಡಲು ಹೋದಳು.

"ಬೇಡ, ಬೇಡ, ಅಲ್ಲಿ ಇಡ್ಬೇಡಿ. ಲೋಟ ನೀವೇ ಇಟ್ಕೊಳ್ಳಿ. ತಗೊಂಡು ಹೋಗಿ."

"ಅಯ್ಯ, ಯಾಕ್ರಿ ಅಕ್ಕಾರ, ಇಂಥಾ ಛಲೋ ಲೋಟ..."

"ಇರ್ಲಿ. ನಮಗೆ ಬೇಡ."

ವಾಣ! ಈ ಊರಿಗೆ ಬಂದು ಗಂಡ ಸತ್ತ ಮೇಲೆ ಒಬ್ಬಳಾದರೂ ಅವಳ ಕೈಗೆ ವಾಣವಿಟ್ಟವಳಿಲ್ಲ. ಚಂದ್ರಬಾಯಿ ಎರಡೂ ಕೈಯಲ್ಲಿ ಲೋಟ ಹಿಡಿದು ಕಣ್ಣಿಗೊತ್ತಿಕೊಂಡಳು. ಮೆಟ್ಟಿಲಿಳಿಯುವಾಗ ಅವಳಿಗೆ ಮಂಡಿನೋವಿನ ನೆನಪೇ ಇರಲಿಲ್ಲ.

ಮರುದಿನದಿಂದ ಡಬ್ಬಾದಲ್ಲಿ ಅವಳು ಆ ಲೋಟದಲ್ಲೇ ನೀರು ಕುಡಿದಳು. ಎಲ್ಲರಿಗೂ ತೋರಿಸಿದಳು. ಕಂಠದ ಕೆಳಗೆ ಕೊರೆಸಿದ್ದ ಅಕ್ಷರಗಳನ್ನು ಮಲ್ಲಿಕಾ ಓದಿದಳು: "ಚಂಪಾ ವಸಂತಕುಮಾರ." ಮನೆಯ ಯಜಮಾನಿಯ ಹೆಸರಿರುವ, ಅಂಚು ಸವೆದ ಹಳೆಯ ಲೋಟವನ್ನು ಯಾರಾದರೂ ವಾಣ ಕೊಡುತ್ತಾರೆಯೇ? ಮಲ್ಲಿಕಾಗೆ ಎಲ್ಲ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ಮುದುಕಿ ಮನಸ್ಸು ಕೆಡಿಸಿಕೊಂಡರೆ ಬಟಾಣಿ ಸುಲಿಯುವವರು ಯಾರು? "ಬಹುತ್ ಸುಂದರ್ ಹೈ ಆಜೀ" ಎಂದು ತನ್ನ ಚೀಲವನ್ನೂ ಅವಳ ಕಡೆ ತಳ್ಳಿದಳು.

ಮಾನಸಿ ಮಾತ್ರ ಬರಲಿಲ್ಲ. ಚಂದ್ರಬಾಯಿ ಸೀಟು ಹಿಡಿದು, ಬೈಸಿಕೊಂಡು, ಗಾಡಿ ಹೊರಟ ಮೇಲೆ ಬಿಟ್ಟುಕೊಟ್ಟಳು. ಹುಡುಗಿಗೆ ಜ್ವರವೇನೋ ಎಂದು ಕಂಡ ದೇವರಿಗೆಲ್ಲ ಕೈಮುಗಿದಳು. ಮಾನಸಿಗೆ ಯಾವ ಜ್ವರವೂ ಇರಲಿಲ್ಲ. ಹಿಂದಿನ ಲೇಡೀಸ್ ಡಬ್ಬಾದಲ್ಲಿ ನಿಂತು ಹೋಗುತ್ತಿದ್ದಳು. ನಿಂತು ನಿಂತು ಸೊಂಟ ಬಿದ್ದು, ಮನೆಯಲ್ಲಿ ತಾನೇ ಸೊಪ್ಪು ಸೋಸಿ ಉಗುರು ಕಪ್ಪಾಗಿ, ಕೊನೆಗೊಂದು ಸಂಜೆ ಮತ್ತೆ ಬಂದಳು. ಕೈಯಲ್ಲಿ ಗೋರಿಕಾಯಿಯ ಚೀಲ.

"ಬಂದ್ಯಾ ನನ್ನವ್ವಾ!" ಚಂದ್ರಬಾಯಿ ಅವಳ ಕೆನ್ನೆ ಸವರಿ ನೆಟಿಗೆ ತೆಗೆದಳು.

"ಆಜೀ, ನಾರಾಜ್ ಆಗ್ಬೇಡಿ. ನೀವು ಮನೆಗೆ ಬಂದ್ರಲ್ಲ, ಸಾಸ್ ಬಹುತ್ ತಮಾಶಾ ಮಾಡಿದ್ರು. ಎಲ್ಲ ಭಾಜಿ ಕಚರಾ ಡಬ್ಬಕ್ಕೆ ಬಿಸಾಡಿದ್ರು. ಪೂರಾ ಮನೆ ತೊಳೆಸಿದ್ರು ನನ್ನಿಂದ. ನಾನು ಹೇಳ್ದೆ, ಅವಳು ಪಾಗಲ್ ಮುದುಕಿ, ಎಲ್ಲರ ಚೀಲ ಕಿತ್ಕೊಳ್ತಾಳೆ, ನಾನು ಯಾವತ್ತೂ ಕೊಟ್ಟಿಲ್ಲ ಅಂತ. ತಬ್ ಜಾಕೇ ನಾನು ಬಚಾವ್ ಆದೆ."

ಚಂದ್ರಬಾಯಿ ತನ್ನ ಚೀಲದಿಂದ ಲೋಟ ತೆಗೆದಳು. "ಇರ್ಲಿ ಬಿಡವ್ವಾ. ಅಂಜಿ ಅಂದಿದ್ದಿ. ಅತ್ತಿ ಮ್ಯಾಲ ಒರಟು, ಒಳಗ ಮನಸು ಛಲೋ ಅದ. ನೋಡಿಲ್ಲಿ, ನನಗ ವಾಣ ಕೊಟ್ಟಾರ."

ಲೋಟ ನೋಡಿದ ಮಾನಸಿಗೆ ನಗು ತಡೆಯಲಾಗಲಿಲ್ಲ. "ಆಜೀ, ವಾಣ ನಹೀ ಹೈ! ನೀವು ಬಾಯಿ ಹಚ್ಚಿದ್ರಲ್ಲ, ಅದಕ್ಕೆ. ಇನ್ನು ಆ ಲೋಟ ಮನೆಯಲ್ಲಿ ಹೇಗೆ ಇಡೋದು? ಬಿಸಾಡೋ ಬದಲು ನಿಮಗೆ ಕೊಟ್ರು."

ನಗು ಮುಗಿಸಿ ಆಕಳಿಸಿದಳು. ಗೋರಿಕಾಯಿಯನ್ನು ಮುದುಕಿಯ ಮಡಿಲಿಗೆ ಸುರಿದಳು. "ಜಲ್ದಿ, ಹಾಂ? ಈಗ ಸಾಸ್ ಎಲ್ಲ ಚೆಕ್ ಮಾಡ್ತಾರೆ. ಅವರ ಮುಂದೆನೇ ಚೀಲ ಖಾಲಿ ಮಾಡ್ಬೇಕು." ಹಾಗೆಂದು ಎಂದಿನಂತೆ ಆ ಭುಜದ ಮೇಲೆ ತಲೆಯಿಟ್ಟು, ಕಳ್ವಾ ಬರುವ ಮುಂಚೆಯೇ ನಿದ್ದೆ ಹೋದಳು.

ಚಂದ್ರಬಾಯಿ ಅತ್ತಳು. ಪಾಗಲ್ ಎಂದದ್ದಕ್ಕೂ ಅಲ್ಲ, ಲೋಟಕ್ಕೂ ಅಲ್ಲ. ಹುಡುಗಿ ನಕ್ಕಳಲ್ಲ, ಅದಕ್ಕೆ. ಅಳುತ್ತಲೇ ಗೋರಿಕಾಯಿಯ ತೊಟ್ಟು ಮುರಿದು, ನಾರು ಎಳೆದು, ಎಂದಿನಷ್ಟೇ ಅಚ್ಚುಕಟ್ಟಾಗಿ ಸೋಸಿದಳು. ದಿವಾ ದಾಟಿದ ಮೇಲೆ ಲೋಟವನ್ನು ಸೆರಗಿನಿಂದ ಚೆನ್ನಾಗಿ ಒರೆಸಿ ಮಾನಸಿಯ ಚೀಲದ ತಳದಲ್ಲಿಟ್ಟಳು. ಅದರ ಮೇಲೆ ಗೋರಿಕಾಯಿ ತುಂಬಿದಳು. ಅತ್ತೆಯ ಮುಂದೆ ಚೀಲ ಸುರಿದಾಗ ಏನು ಹೊರಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ನಾಳೆಯಿಂದ ಮಾತಿಗೆ ಯಾರೂ ಇರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

"ಏಳವ್ವಾ, ಕೋಪರ ಬಂತು. ಚೀಲ ಮರೀಬ್ಯಾಡ."

"ಥ್ಯಾಂಕ್ಯೂ ಆಜೀ. ನಾಳೆ ಸೀಟ್ ಹಿಡೀರಿ."

"ಹಿಡೀತೀನಿ, ಹೋಗು."

ಮಾನಸಿ ಚೀಲವನ್ನು ಎದೆಗವಚಿಕೊಂಡು ಇಳಿದಳು. ಮನೆಯಲ್ಲಿ ಚಂಪಾ ಒಗ್ಗರಣೆಗೆ ಎಣ್ಣೆಯಿಟ್ಟು, ಸೊಸೆ ಚೀಲ ಸುರಿಯಲೆಂದು ಅಡುಗೆಕಟ್ಟೆಯ ಮೇಲೆ ಪೇಪರ್ ಹಾಸಿ ಕಾಯುತ್ತಿದ್ದಳು.