ಖಂಡೇಪೂಜೆಯ ಮುನ್ನಾದಿನ ಕಾಯಿಸಿದ ಪಿನಿಯನ್ನುಗಳು

ಗದಗಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದಾಗ ಜಿಟಿಜಿಟಿ ಮಳೆ. ಕಾಲ ಬಳಿ ಗೋಣಿಚೀಲ, ಅದರೊಳಗೆ ನಾನೇ ಕೊರೆದ ನಾಲ್ಕು ಪಿನಿಯನ್ನು, ಅಂದರೆ ಕಬ್ಬಿನ ಗಾಣ ತಿರುಗಿಸುವ ಹಲ್ಲುಗಾಲಿಗಳು. ಕಂಡಕ್ಟರ್ ಚೀಲವನ್ನು ಬೂಟಿನಿಂದ ಒತ್ತಿ ನೋಡಿ, "ಏನ್ರೀ ಯಜಮಾನ್ರ, ಹೆಣಾ ತುಂಬ್ಕೊಂಡು ಬಂದೀರೇನು?" ಎಂದು ಲಗೇಜ್ ಟಿಕೆಟ್ ಹರಿದ.

ಮಹಾಲಿಂಗಪುರದ ಗುರುಲಿಂಗಪ್ಪನ ಗಾಣಕ್ಕೆ ಹೋದ ವರ್ಷ ನಾನು ಕೊಟ್ಟ ಪಿನಿಯನ್ನಿನ ಹಲ್ಲು ಹಂಗಾಮಿನ ನಡುವೆಯೇ ಉದುರಿದ್ದವು. "ಈ ಸಲಾನೂ ಉದುರಿದ್ರ ನಿಮ್ಮ ಮಾರಿ ನೋಡೂದಿಲ್ರಿ. ದಸಮಿಗೆ ಗಾಣ ಹೂಡ್ತೇನಿ" ಎಂದಿದ್ದ. ಅವನನ್ನು ಬಿಟ್ಟರೆ ನನ್ನ ಲೇತಿಗೆ ಈಗ ಬೇರೆ ಗಿರಾಕಿಯಿಲ್ಲ.

ಹುಬ್ಬಳ್ಳಿಯಿಂದ ಸಿಟಿ ಬಸ್ಸು ಹಿಡಿದು ರಾಯಾಪುರದಲ್ಲಿ ಇಳಿದೆ. ಅಲ್ಲಿ ಮಲ್ಲಣ್ಣನ ಕುಲುಮೆ. ಉಕ್ಕನ್ನು ಕೆಂಪಗೆ ಕಾಯಿಸಿ ಹೊರಮೈಗೆ ಇಂಗಾಲ ಕುಡಿಸುವುದು, ಆಮೇಲೆ ಎಣ್ಣೆಗೆ ಹಾಕಿ ಥಟ್ಟನೆ ತಣಿಸುವುದು ಅವನ ಕೆಲಸ. ಮೈ ಕಲ್ಲಾಗಬೇಕು, ಒಡಲು ಮೆತ್ತಗಿರಬೇಕು. ಕಾವು ಏರಿಸಿದಷ್ಟೂ ಇಂಗಾಲ ಬೇಗ ಇಳಿಯುತ್ತದೆ. ಆದರೆ ಉಕ್ಕಿನ ಕಣ ದಪ್ಪಗಾಗಿ ಹಲ್ಲು ಪೆಡಸಾಗಿ ಏಟಿಗೆ ಮುರಿಯುತ್ತದೆ.

"ಒಂಬೈನೂರಾ ಇಪ್ಪತ್ತು ಡಿಗ್ರಿ ಇಡು. ನಾಳಿ ಮುಂಜಾನೀತನಕ ಕಾಯಲಿ" ಎಂದೆ.

"ನಾಳಿ ಖಂಡೇಪೂಜಿ ಐತಲ್ರಿ! ಉರಿಯೋ ಕುಲುಮಿಗೆ ನಮ್ಮವ್ವ ಕುಂಕುಮ ಹೆಂಗ ಹಚ್ಚಬೇಕು? ಒಂಬೈನೂರಾ ಎಂಬತ್ತಕ್ಕ ಇಟ್ರ ಸಂಜೀಕ ಮುಗೀತೈತಿ. ಕುಲುಮೀನೂ ತಣ್ಣಗಾಗತೈತಿ."

ಆಯುಧಪೂಜೆಯ ದಿನ ನನ್ನ ಲೇತನ್ನೂ ನಾನು ತಿರುಗಿಸುವವನಲ್ಲ. ಏನೆಂದು ವಾದಿಸಲಿ? ಹ್ಞೂಂ ಅಂದೆ. ರಾತ್ರಿ ಗಿರ್ಮಿಟ್ ತಿಂದು ಲಾಡ್ಜಿನಲ್ಲಿ ಬಿದ್ದುಕೊಂಡೆ.

ಬೆಳಿಗ್ಗೆ ಹೋದಾಗ ಮಳೆ ನಿಂತಿರಲಿಲ್ಲ. ಪಿನಿಯನ್ನುಗಳ ಜೊತೆಗೇ ಕಾಯಿಸಿದ್ದ ಅದೇ ಉಕ್ಕಿನ ತುಂಡೊಂದನ್ನು, ಸುತ್ತಿಗೆ ಪೂಜೆಗೆ ಹೋಗುವ ಮೊದಲೇ ಮಲ್ಲಣ್ಣ ಹೊಡೆದ. ಒಂದೇ ಏಟಿಗೆ ಲಟಕ್ಕನೆ ಮುರಿಯಿತು. ಮುರಿದ ಮುಖ ಹಿಟ್ಟಿನಂತೆ ನುಣ್ಣಗಿರಬೇಕಿತ್ತು. ದಪ್ಪ ರವೆಯಂತೆ ಮಿಣಮಿಣ ಹೊಳೆಯಿತು. ನಾಲ್ಕೂ ಪಿನಿಯನ್ನಿನ ಹಲ್ಲು ಹೀಗೇ ಪೆಡಸು.

"ಮತ್ತೊಮ್ಮೆ ಕಾಸಿದ್ರ..." ಎಂದ.

"ಹಲ್ಲು ಸೊಟ್ಟಾಗ್ತಾವ. ಬಿಡು."

ಅವನ ಅವ್ವ ಆರತಿ ತಟ್ಟೆ ಹಿಡಿದು ಬಂದಳು. ತಣ್ಣನೆಯ ಕುಲುಮೆಗೆ, ಇಕ್ಕಳಕ್ಕೆ, ಸುತ್ತಿಗೆಗೆ ಕುಂಕುಮ ಹಚ್ಚಿ, ನನ್ನ ಚೀಲಕ್ಕೂ ಹಚ್ಚಿ ಚೆಂಡುಹೂ ಸಿಕ್ಕಿಸಿದಳು. "ಛಲೋ ಆಗಲಿಪಾ" ಎಂದಳು. ಮಲ್ಲಣ್ಣ ನನ್ನ ಕಡೆ ನೋಡಲಿಲ್ಲ.

ಗದಗಿನ ಬಸ್ಸು ಹುಬ್ಬಳ್ಳಿ ದಾಟುವಷ್ಟರಲ್ಲೇ ಗುರುಲಿಂಗಪ್ಪನ ಫೋನು. "ಗಾಣಾ ತೊಳದು ಪೂಜಿ ಮಾಡೇವ್ರಿ. ಪಿನಿಯನ್ ಜಾಗಾ ಖಾಲಿ ಕಾಣಬಾರ್ದಂತ ತೆಂಗಿನಕಾಯಿ ಇಟ್ಟೇವಿ. ನಾಳಿ ಲಗೂ ಬರ್ರಿ."

"ತರೂದಿಲ್ಲೋ ಗುರುಲಿಂಗಪ್ಪ. ಕಾವು ಹೆಚ್ಚಾತು. ಹಾಕಿದ್ರ ಮತ್ತ ಉದುರತಾವ. ಬ್ಯಾರೆ ಕಡೆ ನೋಡ್ಕೊ."

"ಹಂಗೇನ್ರಿ" ಎಂದು ಇಟ್ಟುಬಿಟ್ಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಟಿಕೆಟ್ ಕೊಡುತ್ತ ಬಂದ ಈ ಬಸ್ಸಿನ ಕಂಡಕ್ಟರ್ ಚೀಲದ ಮೇಲಿನ ಹೂವು, ಕುಂಕುಮ ಕಂಡು ಕಾಲು ಹಿಂದೆ ತೆಗೆದ. "ಪೂಜಿ ಸಾಮಾನೇನ್ರಿ? ಹಬ್ಬದ ದಿನಾ ಇದಕ್ಕ ಲಗೇಜ್ ಬ್ಯಾಡ, ಇರಲಿ ಬಿಡ್ರಿ" ಎಂದ.

"ಪೂಜಿ ಸಾಮಾನಲ್ಲಪಾ, ಗುಜರಿ" ಎಂದೆ. "ಟಿಕೆಟ್ ಹರಿ."